ಅಕ್ಕನ ಬಿಡಿ ಹಾಳೆಗಳು

ಜೂನ್ 2, ಸೋಮವಾರ

ಅಂತೂ ಅಕ್ಕನ ಕೋಣೆ ಕೋಣೆಯ ಹಾಗೆ ಕಾಣುತ್ತಿದೆ. ಅವಳು ಹೋಗಿ ನಾಲ್ಕು ತಿಂಗಳಾಯಿತು. ಅಷ್ಟು ದಿನ ಆ ಬಾಗಿಲು ತೆರೆಯುವ ಮನಸ್ಸು ಭಾವನಿಗೂ ಬಂದಿರಲಿಲ್ಲ, ಮುಂದಿನ ಬೀದಿಯಿಂದ ದಿನಾ ಹೋಗಿಬರುವ ನನಗೂ ಬಂದಿರಲಿಲ್ಲ. ಈಗ ದೊಡ್ಡ ಗ್ರಂಥಾಲಯದವರು ಅವಳ ಕಾಗದಪತ್ರಗಳನ್ನೆಲ್ಲ ಒಯ್ದು ಜೋಪಾನ ಮಾಡುತ್ತಾರಂತೆ. ಅರ್ಧ ಆಯಸ್ಸು ಹೆಡ್‌ಮಿಸ್ ಆಗಿ ಕಳೆದವಳು, ಹನ್ನೊಂದು ಕಾದಂಬರಿ ಬರೆದವಳು. ಅವಳ ಒಂದು ಚೀಟಿಯೂ ಕಳೆಯಬಾರದಂತೆ. ನಾಡಿದ್ದು ಒಬ್ಬರು ಬಂದು ನೋಡುತ್ತಾರೆ. ಆ ಅವತಾರವನ್ನು ಹಾಗೆಯೇ ತೋರಿಸಿದರೆ ಮನೆಯವರ ಮರ್ಯಾದೆ ಏನಾಗಬೇಕು?

ಬೆಳಿಗ್ಗೆಯೇ ಟೊಂಕ ಕಟ್ಟಿ ನಿಂತೆ. ತುಕ್ಕು ಹಿಡಿದ ಕ್ಲಿಪ್ಪುಗಳನ್ನೆಲ್ಲ ಕಿತ್ತೆ. ಮುದುಡಿದ ಹಾಳೆಗಳಿಗೆ ಇಸ್ತ್ರಿ ಹಾಕಿದೆ. ರಾಶಿಯಲ್ಲಿ ಮುಕ್ಕಾಲು ಪಾಲು ನನ್ನವೇ ಗಣಿತದ ಉತ್ತರಪತ್ರಿಕೆಗಳು! ನಾನು ತಿದ್ದಿ, ವರ್ಷ ಕಳೆದ ಮೇಲೆ ರದ್ದಿಗೆಂದು ಇಟ್ಟವನ್ನು ಇವಳು ಹೊತ್ತು ತಂದು ಪೇರಿಸಿಟ್ಟಿದ್ದಾಳೆ. ನನ್ನ ಕೆಂಪು ಶಾಯಿ ನೋಡಿ ಹಳೆಯ ನೆಂಟರನ್ನು ಕಂಡಷ್ಟು ಖುಷಿಯಾಯಿತು. ತರಗತಿ, ವಿಭಾಗ, ಕ್ರಮಸಂಖ್ಯೆ ನೋಡಿ ಒಂದೂ ತಪ್ಪದ ಹಾಗೆ ಜೋಡಿಸಿದೆ. ಹಿಂಬದಿಯಲ್ಲೆಲ್ಲ ಅವಳು ಏನೇನೋ ಗೀಚಿದ್ದಾಳೆ, ಅದನ್ನು ಅಳಿಸಲಾಗುವುದಿಲ್ಲ.

ಭಾವ ಬಾಗಿಲಲ್ಲಿ ನಿಂತು, "ನಿಮ್ಮಕ್ಕ ಈ ರೂಮಲ್ಲಿ ಪೊರಕೆ ಆಡ್ಸೋಕೂ ಬಿಡ್ತಿರ್ಲಿಲ್ಲ ಕಣೇ," ಎಂದರು.

"ಅದು ಕಾಣ್ತಾ ಇದೆ," ಎಂದೆ.

ಬದುಕಿಡೀ ಹಲ್ಲಿನ ಡಾಕ್ಟರಾಗಿದ್ದವರು. ಎದುರಿನವರು ಬಾಯಿ ತೆರೆದು ಸುಮ್ಮನೆ ಕೂತರೆ ಅವರಿಗೆ ಹಿತ, ಬಾಯಿ ತೆರೆದು ಮಾತಾಡಿದರೆ ಕಂಗಾಲು. ಮೆಲ್ಲಗೆ ಜಾಗ ಖಾಲಿ ಮಾಡಿದರು.

ಸೊಂಟ ಹಿಡಿದುಕೊಂಡಿದೆ. ಇರಲಿ. ಮುಂದಿನ ಲೆಕ್ಕ.

ಜೂನ್ 4, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಗ್ರಂಥಾಲಯದಿಂದ ಬಂದವಳು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಅಲ್ಲಿನ ಹಳೆಯ ಕಾಗದಪತ್ರಗಳ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಬಂದವಳೇ ಚೀಲದಿಂದ ಬಿಳಿ ಗವಸು ತೆಗೆದು ಕೈಗೆ ಹಾಕಿಕೊಂಡಳು. ಗವಸಮ್ಮ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ಮೇಜಿನ ಮೇಲೆ ಸಾಲಾಗಿ ನಿಂತ ಕಟ್ಟುಗಳನ್ನು ನೋಡಿ, "ಇದನ್ನ ಹೀಗೆ ಜೋಡ್ಸಿದ್ದು ಯಾರು?" ಎಂದು ಕೇಳಿದಳು.

"ನಾನೇ. ಒಂದೇ ದಿನದಲ್ಲಿ," ಎಂದೆ, ಶಹಭಾಸ್ ಬರುತ್ತದೆಂದು.

ಅವಳು ಕುರ್ಚಿ ಎಳೆದು ಕೂತುಬಿಟ್ಟಳು. ಕುಡಿಯಲು ನೀರು ಕೇಳಿದಳು. ಆಮೇಲೆ ಒಂದು ಹಾಳೆಯನ್ನು ಮಲಗಿದ ಮಗುವಿನ ಮಗ್ಗುಲು ಬದಲಿಸುವ ಹಾಗೆ ತಿರುವಿ, "ಮೇಡಂ, ಇದು ನಿಮ್ಮ ಅಕ್ಕನವರ ಕೊನೇ ಕಾದಂಬರಿ," ಎಂದಳು.

"ಯಾವುದು? ಆ ಹಿಂಬದಿನಾ?"

"ನಮಗೆ ಅದೇ ಮುಂಬದಿ."

ಹಾಳೆಗಳಿಗೆ ಪುಟಸಂಖ್ಯೆ ಇಲ್ಲ. ಸಂಖ್ಯೆ ಹಾಕುವುದು ತಂಗಿಯ ಕೆಲಸ ಎಂದು ಅಕ್ಕ ಯಾವಾಗಲೂ ತಮಾಷೆ ಮಾಡುತ್ತಿದ್ದಳು. ಅಧ್ಯಾಯಕ್ಕೊಂದು ಕ್ಲಿಪ್ಪು ಹಾಕಿ, ಒಂದರ ಮೇಲೊಂದು ಇಟ್ಟುಕೊಂಡು ಹೋಗುವುದಷ್ಟೇ ಅವಳ ಪದ್ಧತಿ. "ಕ್ಲಿಪ್ಪುಗಳು ಎಲ್ಲಿ?" ಎಂದು ಗವಸಮ್ಮ ಕೇಳಿದಾಗ, ತೊಳೆದು ಒರೆಸಿ ಡಬ್ಬಿಯಲ್ಲಿ ಹಾಕಿಟ್ಟಿದ್ದನ್ನು ತಂದು ಕೊಟ್ಟೆ. ಪಾಪ, ಅವಳು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಮ್ಮಲ್ಲಿ ಇರೋದು ಒಂದೇ ನಿಯಮ ಮೇಡಂ. ಬರೆದವರು ಹೇಗೆ ಇಟ್ಟಿದ್ರೋ ಹಾಗೇ ಇರ್ಬೇಕು. ತಿಂಗಳ ಕೊನೆಗೆ ಕ್ರಮ ಸಿಕ್ಕಿದ್ರೆ ಇದು ಪುಸ್ತಕ ಆಗತ್ತೆ, ಪ್ರಕಾಶಕರು ಕಾಯ್ತಾ ಇದ್ದಾರೆ. ಸಿಗದಿದ್ರೆ ಪೆಟ್ಟಿಗೇಲಿ ಹಾಕಿ ಮೇಲೆ 'ಬಿಡಿ ಹಾಳೆಗಳು' ಅಂತ ಬರೀತೀವಿ."

ಹಾಳೆಗಳನ್ನೆಲ್ಲ ಕಟ್ಟಿಕೊಂಡು ಅವಳು ಹೋದ ಮೇಲೆ ಭಾವ, "ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡ್ದಂಗಾಯ್ತು," ಎಂದರು. ಅವರಿಗೂ ನಗು ಬರಲಿಲ್ಲ.

ಅಕ್ಕನ ಕೊನೆಯ ಪುಸ್ತಕಕ್ಕೆ ನಾನು ಇಸ್ತ್ರಿ ಹಾಕಿದ್ದೇನೆ.

ಜೂನ್ 5, ಗುರುವಾರ

ಕೆಡಿಸಿದವಳು ನಾನು, ಸರಿಪಡಿಸುವವಳೂ ನಾನೇ. ಮಾಡಿದ್ದುಣ್ಣೋ ಮಹಾರಾಯ. ಬೆಳಿಗ್ಗೆ ಗವಸಮ್ಮನಿಗೆ ಫೋನ್ ಮಾಡಿ ದಿನಾ ಬರುತ್ತೇನೆ ಎಂದೆ. "ನೀವು ಅವರ ಕಾದಂಬರಿಗಳ್ನೆಲ್ಲ ಓದಿರ್ತೀರಲ್ಲ, ಶೈಲಿ ಗೊತ್ತಿರತ್ತೆ," ಎಂದಳು. ಹೂಂ ಎಂದೆ.

ಓದಿರುವುದು ಒಂದೇ ಒಂದು, ಮೊದಲನೆಯದು. ಅದರಲ್ಲಿ ಒಬ್ಬಳು ಗಣಿತದ ಟೀಚರು ಬರುತ್ತಾಳೆ. ಮುಖ ಗಂಟು, ಕೈಯಲ್ಲಿ ಅಡಿಪಟ್ಟಿ. ಓದಿ ಮುಗಿಸಿ ಅಕ್ಕನ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ. ಅವಳ ಇನ್ನೊಂದು ಪುಸ್ತಕ ಮುಟ್ಟಿದರೆ ಕೇಳಿ ಎಂದು ಶಪಥ ಮಾಡಿದ್ದೆ, ಉಳಿಸಿಕೊಂಡೂ ಬಂದೆ. ಇದನ್ನು ಭಾವನಿಗೆ ನೆನಪಿಸಿದರೆ, "ಅದು ನೀನಲ್ಲ ಕಣೇ ಮಾರಾಯ್ತಿ, ಅವಳಿಗೆ ಪಾಠ ಹೇಳ್ದ ಟೀಚರ್ರು! ಕುಂಬಳಕಾಯಿ ಕಳ್ಳಿ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೆ ನೀನು," ಎಂದು ಬಿದ್ದು ಬಿದ್ದು ನಕ್ಕರು. ಇಷ್ಟು ವರ್ಷ ಬಾಯಿ ಬಿಡಲಿಲ್ಲ ಪುಣ್ಯಾತ್ಮ.

ನಂಬುವುದು ಕಷ್ಟ. ಈ ಕೊನೆಯದರಲ್ಲಿ ಖಂಡಿತ ನನ್ನನ್ನು ಎಲ್ಲೋ ಸಿಕ್ಕಿಸಿ ಗೇಲಿ ಮಾಡಿರುತ್ತಾಳೆ. ನೋಡೋಣ.

ಜೂನ್ 9, ಸೋಮವಾರ

ಗ್ರಂಥಾಲಯದ ಓದುವ ಕೋಣೆ ತಣ್ಣಗಿದೆ. ಉದ್ದದ ಮೇಜು, ಪೆನ್ನು ನಿಷಿದ್ಧ, ಪೆನ್ಸಿಲ್ ಮಾತ್ರ. ನನಗೂ ಗವಸು ಕೊಟ್ಟರು. ಹಾಕಿಕೊಂಡರೆ ಜಾದೂಗಾರ್ತಿಯ ಹಾಗೆ ಕಾಣುತ್ತೇನೆ.

ಮೊದಲು ಲೆಕ್ಕದ ದಾರಿ ಹಿಡಿದೆ. ಅಕ್ಕ ಕಟ್ಟಿನ ಮೇಲಿಂದ ಒಂದೊಂದೇ ಹಾಳೆ ತೆಗೆದು ಬರೆದಿದ್ದರೆ ಕ್ರಮಸಂಖ್ಯೆಯೇ ಕತೆಯ ಕ್ರಮವೂ ಆಗಿರಬೇಕಲ್ಲ? ಆಗಿಲ್ಲ. ಅಂಕಗಳ ಪ್ರಕಾರ ಜೋಡಿಸಿ ನೋಡಿದೆ. ಅದೂ ಇಲ್ಲ. ಆದರೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಎಲ್ಲಾ ಹಾಳೆಗಳಲ್ಲೂ ನನ್ನ ಕೆಂಪು ಶಾಯಿಯ ಅಂಕ ಹತ್ತರ ಒಳಗೇ ಇದೆ. ಒಬ್ಬನಾದರೂ ಪಾಸಾದವನಿಲ್ಲ!

ಹೊಳೆಯಿತು. ಜಾಣ ಮಕ್ಕಳು ಹಾಳೆಯ ಎರಡೂ ಬದಿ ತುಂಬಿಸುತ್ತಾರೆ. ಏನೂ ಬಾರದವರು ಹಿಂಬದಿ ಖಾಲಿ ಬಿಟ್ಟು ಕಿಟಕಿ ನೋಡುತ್ತಾ ಕೂತಿರುತ್ತಾರೆ. ಅಕ್ಕ ಆ ಖಾಲಿ ಹಾಳೆಗಳನ್ನೇ ಆರಿಸಿಕೊಂಡಿದ್ದಾಳೆ. ಕಾದಂಬರಿ ಪೂರ್ತಿ ಫೇಲಾದವರ ಬೆನ್ನ ಮೇಲೆ ನಿಂತಿದೆ. ಗವಸಮ್ಮನಿಗೆ ಹೇಳಿದರೆ ಅವಳು ನಕ್ಕ ನಗುವಿಗೆ ಆಚೆ ಮೇಜಿನ ಮುದುಕರೊಬ್ಬರು ಶ್ ಎಂದರು. ಗ್ರಂಥಾಲಯದವಳನ್ನೇ ಗದರಿಸಿದ ಗಂಡಸು ಅವರೊಬ್ಬರೇ ಇರಬೇಕು.

ಲೆಕ್ಕದಿಂದ ಆಗುವುದಿಲ್ಲ ಎಂದಾಯಿತು. ಓದಲೇಬೇಕು. ಇರಲಿ. ಮುಂದಿನ ಲೆಕ್ಕ.

ಜೂನ್ 11, ಬುಧವಾರ

ಭಾವ ಉಪಯೋಗಕ್ಕೆ ಬಂದರು! ಅಕ್ಕ ಒಂದು ಅಧ್ಯಾಯ ಮುಗಿದ ಕೂಡಲೇ ಅದನ್ನು ಅವರಿಗೆ ಓದಿ ಹೇಳುತ್ತಿದ್ದಳಂತೆ. "ಪೂರ್ತಿ ಗೊತ್ತಾ ಹಾಗಾದ್ರೆ?" ಎಂದು ಆಸೆಯಿಂದ ಕೇಳಿದೆ.

"ಮೊದಲನೇ ಪ್ಯಾರಾ ಗೊತ್ತು."

"ಆಮೇಲೆ?"

"ಆಮೇಲೆ ನಿದ್ದೆ. ಅವಳ ಧ್ವನಿ ಅಷ್ಟು ಚೆನ್ನಾಗಿತ್ತು ಕಣೇ. ನಾನೇನ್ಮಾಡ್ಲಿ?"

ಅಷ್ಟಾದರೂ ಆಯಿತಲ್ಲ. ನಾನು ಹಾಳೆಗಳ ಮೊದಲ ಸಾಲುಗಳನ್ನು ಬರೆದು ತಂದು ಓದುತ್ತಾ ಹೋದೆ, ಅವರು ಕಣ್ಣು ಮುಚ್ಚಿ ಹೌದು, ಅಲ್ಲ ಎನ್ನುತ್ತಾ ಹೋದರು. ಅಧ್ಯಾಯಗಳ ತಲೆಗಳೆಲ್ಲ ಸಿಕ್ಕಿದವು. ಇನ್ನು ಮುಂಡ, ಕೈಕಾಲು ಹುಡುಕಬೇಕು.

ಜೂನ್ 13, ಶುಕ್ರವಾರ

ಅಯ್ಯೋ, ಎಂಥ ಹೆಂಗಸು ಈ ಬೀಗದವಳು!

ಕತೆ ಇಷ್ಟು. ಒಂದು ಇಕ್ಕಟ್ಟಾದ ಬೀದಿಯಲ್ಲಿ ಬೀಗ ರಿಪೇರಿ ಮಾಡುವ ಒಬ್ಬಳ ಅಂಗಡಿ. ಮೇಲಿನ ಮಾಳಿಗೆಯಲ್ಲಿ ಬಾಡಿಗೆಗಿರುವ ಒಬ್ಬಳು ಶಾಲೆಯ ಟೀಚರು. ಇಬ್ಬರಿಗೂ ಒಂದು ದಿನ ಜಗಳವಾಡದಿದ್ದರೆ ತಿಂದ ಅನ್ನ ಅರಗದು. ಬೀಗದವಳಿಗೆ ಯಾವುದೂ ಅರೆಬರೆ ಆಗಕೂಡದು. ಗಿರಾಕಿ ಬೀಗದ ಕೈ ಕಳೆದುಕೊಂಡು ಬಂದರೆ ಮೊದಲು ಚೆನ್ನಾಗಿ ಮಂಗಳಾರತಿ ಮಾಡುತ್ತಾಳೆ, ಆಮೇಲೆ ಬಿಸಿಲಲ್ಲಿ ಅವನ ಮನೆತನಕ ತಾನೇ ನಡೆದು ಹೋಗಿ ಬಾಗಿಲು ತೆಗೆದು ಕೊಡುತ್ತಾಳೆ. ಕೆಲಸ ಕೆಟ್ಟರೆ ಕೊರಗುತ್ತಾ ಕೂರುವುದಿಲ್ಲ. "ಇರಲಿ. ಮುಂದಿನ ಬೀಗ," ಎನ್ನುತ್ತಾಳೆ. ಎಷ್ಟು ಚೆನ್ನಾದ ಮಾತು! ಇಂಥ ಗಟ್ಟಿ ಮಾತನ್ನು ಅಕ್ಕ ಎಲ್ಲಿಂದ ಹೆಕ್ಕಿ ತಂದಳೋ.

ಮಾಳಿಗೆಯ ಟೀಚರು ಮಾತ್ರ ಸಾಕ್ಷಾತ್ ಅಕ್ಕನೇ. ಅದೇ ಸೋಮಾರಿತನ, ಎಲ್ಲೆಂದರಲ್ಲಿ ಅದೇ ಕಾಗದದ ರಾಶಿ. ಓದುತ್ತಾ ಎರಡು ಸಲ ಜೋರಾಗಿ ನಕ್ಕೆ. ಮುದುಕರು ಶ್ ಎಂದರು.

ಜೂನ್ 14, ಶನಿವಾರ

ಗ್ರಂಥಾಲಯಕ್ಕೆ ರಜೆ. ಔಷಧಿ ಅಂಗಡಿಯ ಸಾಲಿನಲ್ಲಿ ಒಬ್ಬ ನುಗ್ಗಿ ಮುಂದೆ ಬಂದ. ಬಿಡುತ್ತೇನೆಯೇ? ಅವನ ನೀರಿಳಿಸಿದೆ. ಆಮೇಲೆ ನೋಡಿದರೆ, ಮನೆಯಲ್ಲಿ ಮಗುವಿಗೆ ಜ್ವರವಂತೆ. ಮೊದಲೇ ಹೇಳಬಾರದಿತ್ತೇ ಎಂದು ಅದಕ್ಕೂ ಬೈದು, ನನ್ನ ಜಾಗ ಕೊಟ್ಟು, ಅವನು ಮರೆತು ಬಿಟ್ಟುಹೋದ ಚೀಟಿ ಹಿಡಿದು ಬಸ್‌ಸ್ಟಾಪಿನ ತನಕ ಓಡಿದೆ. ಮಂಡಿ ನೋವು.

ಸೋಮವಾರ ಯಾವಾಗ ಬರುತ್ತದೋ. ಬೀಗದವಳು ತನ್ನ ಅಂಗಡಿಗೇ ನುಗ್ಗಿ ಸಿಕ್ಕಿಬಿದ್ದ ಕಳ್ಳನಿಗೆ ಬೀಗದ ಕೆಲಸ ಕಲಿಸುತ್ತಾಳೋ ಇಲ್ಲವೋ ತಿಳಿಯಬೇಕು.

ಜೂನ್ 17, ಮಂಗಳವಾರ

ಕಲಿಸಿದಳು! ನನಗೆ ಗೊತ್ತಿತ್ತು.

ಮಧ್ಯಾಹ್ನ ಗವಸಮ್ಮ ಅಕ್ಕನ ಒಂದು ಹಳೆಯ ತಗಡಿನ ಪೆಟ್ಟಿಗೆ ತೆರೆದಳು. ಶಾಲೆಗೆ ತಡವಾಗಿ ಬಂದ ಮಕ್ಕಳು ಬರೆದುಕೊಟ್ಟ ಚೀಟಿಗಳು. ಅಕ್ಕನ ಶಾಲೆಯಲ್ಲಿ ಅದೊಂದು ಕಾನೂನು: ತಡವಾದವರಿಗೆ ಶಿಕ್ಷೆ ಇಲ್ಲ, ಕಾರಣ ಬರೆದು ಕೊಡಬೇಕು, ಸುಳ್ಳಾದರೂ ಅಡ್ಡಿಯಿಲ್ಲ, ಓದುವವರಿಗೆ ಬೇಜಾರು ಬರಬಾರದು. ಒಬ್ಬಳು ಬರೆದಿದ್ದಾಳೆ: "ನಮ್ಮ ಬೆಕ್ಕು ನನ್ನ ಎಡಗಾಲಿನ ಶೂ ಒಳಗೆ ಮರಿ ಹಾಕಿತು. ಬಲಗಾಲು ಸಮಯಕ್ಕೆ ಸರಿಯಾಗಿ ಹೊರಟಿತ್ತು." ಇನ್ನೊಬ್ಬ: "ಅಪ್ಪ ನನ್ನನ್ನು ಏಳಿಸಿದರು, ನಾನು ಅಪ್ಪನನ್ನು ಮಲಗಿಸಿದೆ." ಅಡಿಯಲ್ಲಿ ಅಕ್ಕನ ಕೈಬರಹ: "ಒಳಗೆ ಬಿಡಿ. ಅಪ್ಪನನ್ನೂ ನಾಳೆ ಕಳಿಸಿ."

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಈ ಕಾನೂನಿಗೆ ನಾನು ಆಗ ಎಷ್ಟು ಕೂಗಾಡಿದ್ದೆ! ಹೀಗೆ ಮಾಡಿದರೆ ಮಕ್ಕಳು ಸುಳ್ಳು ಕಲಿಯುತ್ತಾರೆ ಎಂದಿದ್ದೆ. "ಬರೆಯೋದು ಕಲೀತಾರೆ," ಎಂದಿದ್ದಳು. ಗವಸಮ್ಮನಿಗೆ ಇದನ್ನೆಲ್ಲ ಹೇಳುತ್ತಾ ಕೂತು ಬಸ್ಸು ತಪ್ಪಿತು. ಅವಳೇ ಚಹಾ ಕುಡಿಸಿದಳು. ಎಷ್ಟೋ ದಿನದ ಮೇಲೆ ಅಷ್ಟು ಹೊತ್ತು ಮಾತಾಡಿದೆ.

ಜೂನ್ 20, ಶುಕ್ರವಾರ

ಕೊನೆಯ ಅಧ್ಯಾಯ ಒಂದನ್ನು ಬಿಟ್ಟು ಉಳಿದುದೆಲ್ಲ ಜೋಡಿಸಿಯಾಯಿತು. ಸಂತೋಷ ಪಡಬೇಕು. ಆಗುತ್ತಿಲ್ಲ.

ಇಡೀ ಪುಸ್ತಕದಲ್ಲಿ ನಾನು ಇಲ್ಲ.

ಅಕ್ಕ ಇದ್ದಾಳೆ. ಭಾವ ಇದ್ದಾರೆ, ನಾಟಕ ನೋಡಲು ಹೋಗಿ ನಿದ್ದೆ ಮಾಡುವ ಗಿರಾಕಿ ಅವರಲ್ಲದೆ ಮತ್ತಾರು? ಅವಳ ಶಾಲೆಯ ಜವಾನನಿಗೂ ಒಂದು ಪುಟ ಸಿಕ್ಕಿದೆ. ಅಡಿಪಟ್ಟಿ ಹಿಡಿದ ಗಣಿತದ ಟೀಚರು ಇಲ್ಲ, ಮುಖ ಗಂಟಿಕ್ಕಿದ ತಂಗಿ ಇಲ್ಲ, ಗೇಲಿಗೆ ಕೂಡ ನಾನು ನೆನಪಾಗಲಿಲ್ಲ. ಒಂದು ದಿನವೂ ತಪ್ಪದೆ ಅವಳ ಮನೆಗೆ ಹೋಗುತ್ತಿದ್ದವಳು ನಾನು. ಮೊದಲನೆಯದರಲ್ಲಿ ಬೈದಳೆಂದು ಇಷ್ಟು ವರ್ಷ ಸಿಟ್ಟಿತ್ತು. ಈಗ ಬೈಯಲೂ ಇಲ್ಲವಲ್ಲ ಎಂದು ಸಂಕಟ. ಕಾಯಿಲೆಯ ವಿಷಯವೂ ಹೀಗೆಯೇ. ಭಾವನಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೂ ಗೊತ್ತಿತ್ತು. ಎಲ್ಲರಿಗಿಂತ ಕೊನೆಗೆ ತಿಳಿದದ್ದು ನನಗೆ.

ಈ ವಯಸ್ಸಿನಲ್ಲಿ ಇಂಥ ಮುನಿಸು. ನಾಚಿಕೆಯಾಗಬೇಕು. ಇರಲಿ.

ಜೂನ್ 24, ಮಂಗಳವಾರ

ಕೊನೆಯ ಅಧ್ಯಾಯ. ಮಾಳಿಗೆಯ ಟೀಚರಿಗೆ ದೂರದ ಊರಿಗೆ ವರ್ಗವಾಗಿದೆ. ವಾರಗಳಿಂದ ಗಂಟುಮೂಟೆ ಕಟ್ಟುತ್ತಿದ್ದಾಳೆ. ಇಡೀ ಬೀದಿಗೆ ಹೇಳಿದ್ದಾಳೆ, ಬೀಗದವಳಿಗೆ ಮಾತ್ರ ಹೇಳಿಲ್ಲ! ತಿಳಿದ ದಿನ ಬೀಗದವಳು ಮಾಳಿಗೆಯಲ್ಲಿ ನಿಂತು ಕೂಗಾಡುತ್ತಾಳೆ. ಕೂಗಾಡದೆ ಇನ್ನೇನು? ಓದುತ್ತಾ ನನಗೇ ಮೈ ಉರಿಯಿತು. ಊರಿಗೆಲ್ಲ ಡಂಗುರ ಸಾರಿ ಇವಳೊಬ್ಬಳಿಗೆ ಮುಚ್ಚಿಟ್ಟರೆ ಅದು ನ್ಯಾಯವೇ? ಟೀಚರು ತಲೆ ತಗ್ಗಿಸಿ, "ನಿಂಗೆ ಹೇಳಿದ್ರೆ ಅದು ನಿಜ ಆಗ್ಬಿಡತ್ತೆ ಅಂತ ಹೇಳ್ಲಿಲ್ಲ," ಎನ್ನುತ್ತಾಳೆ.

ಅಲ್ಲಿ ನಿಲ್ಲಿಸಿ ಹೊರಗೆ ಹೋಗಿ ಒಂದು ಸುತ್ತು ತಿರುಗಿ ಬಂದೆ.

ಎರಡು ಹಾಳೆ ಉಳಿದಿವೆ. ಒಂದರಲ್ಲಿ ಬೀಗದವಳು ಬಾಗಿಲು ಧಡಾರನೆ ಹಾಕಿಕೊಂಡು ಇಳಿದು ಹೋಗುತ್ತಾಳೆ, ಟೀಚರು ಪೆಟ್ಟಿಗೆಗಳ ನಡುವೆ ಒಬ್ಬಳೇ ಕೂರುತ್ತಾಳೆ. ಇನ್ನೊಂದರಲ್ಲಿ ಬೀಗದವಳು ಬಾಗಿಲಲ್ಲಿ ನಿಂತು, "ನಿನ್ನ ಪೆಟ್ಟಿಗೆ ಬೀಗ ಸಡಿಲ ಆಗಿದೆ, ಯಾವಾಗ ಬೇಕಾದ್ರೂ ಬಿಚ್ಕೊಳತ್ತೆ," ಎಂದು ಒಳಗೆ ಬಂದು ನೆಲದ ಮೇಲೆ ಕೂತು ಸರಿಮಾಡತೊಡಗುತ್ತಾಳೆ.

ಯಾವುದು ಮೊದಲು? ಬೀಗದ ಹಾಳೆ ಜಗಳಕ್ಕಿಂತ ಮೊದಲಿದ್ದರೆ ಪುಸ್ತಕ ಒಡೆದ ಮನಸ್ಸಿನಲ್ಲಿ ಮುಗಿಯುತ್ತದೆ. ಆಮೇಲಿದ್ದರೆ ಇಬ್ಬರೂ ಜೊತೆಗಿದ್ದಾಗ ಮುಗಿಯುತ್ತದೆ. ಎರಡೂ ಕಡೆ ಸಾಲುಗಳು ಸರಿಯಾಗಿ ಹೊಂದುತ್ತವೆ. ಒಂದು ಲೆಕ್ಕಕ್ಕೆ ಎರಡು ಉತ್ತರ ಬರೆದವರಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಜೂನ್ 25, ಬುಧವಾರ

ಹೋಗಲಿಲ್ಲ. ತಲೆನೋವು ಎಂದು ಫೋನ್ ಮಾಡಿದೆ. ತಲೆ ನೋಯುತ್ತಿರಲಿಲ್ಲ. ಜೋಡಿಸಿಬಿಟ್ಟರೆ ಮುಗಿದೇ ಹೋಗುತ್ತದಲ್ಲ.

ಜೂನ್ 27, ಶುಕ್ರವಾರ

ಇವತ್ತು ಭಾವನೂ ಜೊತೆಗೆ ಬಂದರು. ಗವಸಮ್ಮ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ನಾಡಿದ್ದು ಬಿಟ್ಟು ಆಚೆ ದಿನ ಕೊಡ್ಬೇಕು ಮೇಡಂ. ನನಗನ್ಸತ್ತೆ, ಬೀಗದ ಹಾಳೆ ಮೊದಲು. ಬೀಗ ರಿಪೇರಿಗೆ ಅಂತ ಬಂದವಳಿಗೆ ಕಟ್ಟಿದ ಪೆಟ್ಟಿಗೆಗಳು ಕಂಡವು, ವಿಷಯ ತಿಳೀತು, ಜಗಳ ಆಯ್ತು, ಹೋದಳು. ಸರಳವಾಗಿದೆ ಅಲ್ವಾ?"

"ಸರಳವಾಗಿದೆ. ಆದ್ರೆ ತಪ್ಪು," ಎಂದೆ.

"ಯಾಕೆ?"

"ಯಾಕೆ ಅಂದ್ರೆ ಅವಳು ಹಂಗೆ ಹೋಗೋಳಲ್ಲ. ಕೂಗಾಡಿ ಹೋಗ್ತಾಳೆ, ನಿಜ. ಮೆಟ್ಟಿಲಿಳಿದು ಬೀದಿ ತನಕ ಹೋಗ್ತಾಳೆ. ಅಷ್ಟೊತ್ತಿಗೆ ಕಾಲು ಮುಂದೆ ಹೋಗಲ್ಲ. ಸುಮ್ನೆ ವಾಪಸ್ ಬಂದ್ರೆ ಸೋತಂಗೆ ಆಗತ್ತಲ್ಲ, ಅದಕ್ಕೆ ಒಂದು ನೆಪ ಬೇಕು. ಬೀಗ ಸಡಿಲ ಆಗಿದೆ ಅಂತಾಳೆ. ಬೀಗಕ್ಕೆ ಏನೂ ಆಗಿರಲ್ಲ! ಕ್ಷಮಿಸು ಅನ್ನೋಕೆ ಬಾಯಿ ಬರಲ್ಲ ಅವಳಿಗೆ, ಬಿಟ್ಟು ಹೋಗೋಕೂ ಆಗಲ್ಲ. ಏನಾದ್ರೂ ಒಂದು ಕೆಲಸ ಹಿಡ್ಕೊಂಡು ಪಕ್ಕದಲ್ಲಿ ಕೂರ್ತಾಳೆ. ಅಷ್ಟೇ ಬರೋದು ಅವಳಿಗೆ."

ನನ್ನ ಧ್ವನಿ ಏರಿತ್ತು. ಮುದುಕರು ತಲೆ ಎತ್ತಿ ನೋಡಿದರು, ಆದರೆ ಶ್ ಎನ್ನಲಿಲ್ಲ.

"ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀರಿ?" ಎಂದು ಗವಸಮ್ಮ ಮೆತ್ತಗೆ ಕೇಳಿದಳು.

"ಹೇಗೆ ಅಂದ್ರೆ? ಯಾರಾದ್ರೂ ಹಾಗೇ ಮಾಡೋದು. ನಾನಾಗಿದ್ರೂ ಹಾಗೇ ಮಾಡ್ತಿದ್ದೆ."

ಭಾವ ಕನ್ನಡಕ ತೆಗೆದು ಒರೆಸುತ್ತಾ, "ಹೋದ ವರ್ಷ ಆಸ್ಪತ್ರೆ ವಿಷಯ ಗೊತ್ತಾದ ದಿನ," ಎಂದರು, "ಅಷ್ಟೆಲ್ಲ ಕೂಗಾಡಿ ಹೋದೋಳು, ಗೇಟಿನ ತನಕ ಹೋಗಿ ವಾಪಸ್ ಬಂದು, ನಿಮ್ಮ ಗೇಟು ಕಿರ್ ಅನ್ನತ್ತೆ, ಎಣ್ಣೆ ಎಲ್ಲಿದೆ ಅಂತ ಕೇಳಿದ್ದು ಯಾರೇ?"

ನಾನು ಅವರ ಮುಖ ನೋಡಿದೆ. ಗವಸಮ್ಮನ ಮುಖ ನೋಡಿದೆ. ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು, ಕಣ್ಣು ತುಂಬಿತ್ತು. "ನನಗೆ ಎರಡನೇ ದಿನಾನೇ ಗೊತ್ತಾಯ್ತು ಮೇಡಂ. ನೀವು ಇಲ್ಲಿ ಕೂತು ದಿನಾ 'ಇರಲಿ, ಮುಂದಿನ ಲೆಕ್ಕ' ಅಂತಿದ್ರಲ್ಲ. ಹೇಳೋಣ ಅಂದ್ಕೊಂಡೆ. ನೀವು ಬೀಗದವಳನ್ನ ಅಷ್ಟು ಹೊಗಳ್ತಾ ಇದ್ರಿ, ಮಧ್ಯ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ."

ಅಕ್ಕ ಹೋದ ದಿನದಿಂದ ನನಗೆ ಅಳು ಬಂದಿರಲಿಲ್ಲ. ಇವತ್ತು ಆ ಉದ್ದದ ಮೇಜಿಗೆ ತಲೆಯಿಟ್ಟು ಅತ್ತೆ, ನಡುನಡುವೆ ನಕ್ಕೆ ಕೂಡ. ಗವಸಮ್ಮ ಮೊದಲು ಹಾಳೆಗಳನ್ನು ದೂರ ಸರಿಸಿ ಆಮೇಲೆ ನನ್ನ ಬೆನ್ನು ಸವರಿದಳು. ಕಸುಬು ಕಸುಬೇ.

ಬೀಗದ ಹಾಳೆಯನ್ನು ಕೊನೆಯಲ್ಲಿ ಇಟ್ಟೆ. "ನಮ್ಮ ನಿಯಮದಲ್ಲಿ ಇದನ್ನ ಸಾಕ್ಷಿ ಅನ್ನೋಕಾಗಲ್ಲ," ಎಂದಳು ಗವಸಮ್ಮ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಲು ಹಾಳೆಗಳನ್ನು ನನ್ನತ್ತ ತಳ್ಳುತ್ತಾ. "ನನಗೆ ಸಾಕು."

ಜೂನ್ 29, ಭಾನುವಾರ

ಗವಸಮ್ಮ ಕಾದಂಬರಿಯ ನಕಲು ಪ್ರತಿ ಕಳಿಸಿದ್ದಾಳೆ. ಬೆಳಿಗ್ಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಮೊದಲ ಪುಟದಿಂದ ಮತ್ತೆ ಓದಲು ಕೂತೆ.

ಈ ಬೀಗದವಳು ಮಹಾ ಹಟಮಾರಿ. ಬಾಯಿ ಜೋರು. ಯಾರ ಮಾತೂ ಕೇಳುವುದಿಲ್ಲ, ತನ್ನದೇ ಸರಿ. ಹೋದ ಸಲ ಇವಳಲ್ಲಿ ಏನು ಕಂಡು ಅಷ್ಟು ಮೆಚ್ಚಿಕೊಂಡೆನೋ. ಇವಳನ್ನು ಇಷ್ಟು ವರ್ಷ ಅಕ್ಕ ಹೇಗೆ ಸಹಿಸಿದಳು ಎಂದು ಆಶ್ಚರ್ಯವಾಗುತ್ತದೆ. ಬರೀ ಸಹಿಸಿದ್ದಲ್ಲ. ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಟೀಚರು ಪುಟಪುಟದಲ್ಲೂ ಪೆನ್ನು ಕೆಳಗಿಟ್ಟು ಕಾಯುತ್ತಾಳೆ.